ಮೊದಲ ಪಾಳಿ

ರಾಜರ ಪಾಠ ಬಂತೆಂದರೆ ನನ್ನ ಮೈಮೇಲೆ ದೇವರು ಬಂದಂತಾಗುತ್ತಿತ್ತು. ತೊಂಬತ್ತರ ದಶಕದ ಮಾತು. ಚಿತ್ತಾಪುರದ ಹತ್ತಿರ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಮಾಸ್ತರ. ಯುರೋಪಿನ ಅರಸರ ಮೇಲೆ ಪುಸ್ತಕದಲ್ಲಿ ಎರಡೇ ಪುಟ ಇದ್ದವು. ಅರಸನ ಅಧಿಕಾರ ದೇವರು ಕೊಟ್ಟದ್ದು, ಆತ ದೇವರನ್ನು ಬಿಟ್ಟರೆ ಇನ್ನಾರಿಗೂ ಉತ್ತರ ಹೇಳಬೇಕಾಗಿಲ್ಲ ಎಂದು ಒಂದು ಕಾಲದಲ್ಲಿ ಜನ ನಂಬಿದ್ದರು. ಆಮೇಲೆ ಒಬ್ಬ ಕೊಳವೆಗೆ ಗಾಜು ಸಿಕ್ಕಿಸಿ ಆಕಾಶ ನೋಡಿದ, ಇನ್ನೊಬ್ಬ ಈ ಹಕ್ಕನ್ನು ಅರಸನಿಗೆ ಕೊಟ್ಟವರು ಯಾರು ಎಂದು ಕಾಗದದ ಮೇಲೆ ಬರೆದು ಕೇಳಿದ. ಈ ಎರಡು ಪುಟಗಳನ್ನು ನಾನು ಎಂಟು ದಿನ ಎಳೆಯುತ್ತಿದ್ದೆ. “ಯಾರೋ ಹೇಳ್ಯಾರಂತ ನಂಬಬ್ಯಾಡ್ರಿ. ನಾ ಹೇಳಿದ್ರೂ ನಂಬಬ್ಯಾಡ್ರಿ. ಯಾಕ ಅಂತ ಕೇಳ್ರಿ” ಎಂದು ಮೇಜು ಗುದ್ದುತ್ತಿದ್ದೆ. ಯಾಕೆ ಎಂದು ಕೇಳದೆ ಬಾಯಿ ಬಿಟ್ಟುಕೊಂಡು ಕೂತವರಿಗೆ ಛಡಿಯ ಏಟು ಬೀಳುತ್ತಿತ್ತು. ಇದರೊಳಗಿನ ತಮಾಷೆ ಆಗ ನನಗೆ ಕಾಣಲಿಲ್ಲ.

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು ಎಂದು ನಮ್ಮ ಮನೆಯವರೇ ಹೇಳುತ್ತಾರೆ. ಇರಲಿ. ನಮ್ಮದು ವೈಷ್ಣವರ ಮನೆ, ಅಪ್ಪ ಗುಡಿಯ ಪೂಜೆ ಮಾಡಿಕೊಂಡಿದ್ದವರು. ಅಜ್ಜನದು ನಿಜಾಮನ ಕಾಲ. ತಹಶೀಲ್ದಾರನ ಟಾಂಗಾ ಬಂದರೆ ಅಜ್ಜ ಉರಿಬಿಸಿಲಲ್ಲೂ ಕೊಡೆ ಮಡಚಿ, ರಸ್ತೆಯ ಬದಿಗೆ ಸರಿದು ಸಲಾಂ ಹೊಡೆಯುತ್ತಿದ್ದರಂತೆ. ಮನೆಯಲ್ಲಿ ಇದನ್ನು ನಗುನಗುತ್ತ ಹೇಳುತ್ತಿದ್ದರು. ನನಗೆ ಮಾತ್ರ ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಆ ಉರಿಯನ್ನೇ ನಾನು ಇಪ್ಪತ್ತು ವರ್ಷ ಕರಿಹಲಗೆಯ ಮುಂದೆ ನಿಂತು ಮಕ್ಕಳಿಗೆ ಬಡಿಸಿದೆ ಅನ್ನಬೇಕು.

ಹಾಗೆ ಬಡಿಸಿಕೊಂಡವರಲ್ಲಿ ಒಬ್ಬ ಹುಡುಗಿ ಇದ್ದಳು. ಬೌದ್ಧರಾದ ದಲಿತರ ಓಣಿಯವಳು, ತಂದೆ ತಾಯಿ ಇಬ್ಬರದೂ ಕೂಲಿ. ಮಾತು ಕಡಿಮೆ. ಆದರೆ ಪರೀಕ್ಷೆಯಲ್ಲಿ ನಾನು ವರ್ಗದಲ್ಲಿ ಆಡಿದ ಮಾತು ಒಂದನ್ನೂ ಬಿಡದೆ ಬರೆಯುತ್ತಿದ್ದಳು. ಅದನ್ನೇ ಜಾಣತನವೆಂದು ತಿಳಿದು ನಾನು ಅವಳ ಉತ್ತರಪತ್ರಿಕೆಯನ್ನು ಎಲ್ಲರಿಗೂ ಓದಿ ಹೇಳುತ್ತಿದ್ದೆ. ಹತ್ತನೆಯ ತರಗತಿ ಪಾಸಾದಳು. ಮುಂದೆ ಓದಿಸಿ ಎಂದು ನಾನೇ ಅವರ ಮನೆಗೆ ಹೋಗಿ ಹೇಳಿಬಂದೆ. ಆಗಲಿ ಎಂದರು. ಎರಡು ತಿಂಗಳಿಗೆ ಚಿಂಚೋಳಿ ಕಡೆಯ ಒಂದು ಹಳ್ಳಿಗೆ ಮದುವೆ ಮಾಡಿಕೊಟ್ಟರು.

ಅದೇ ಹಳ್ಳಿಗೆ ನಾನು ಚುನಾವಣೆಯ ಡ್ಯೂಟಿಯ ಮೇಲೆ ಹೋಗಬೇಕಾಗಿ ಬಂತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು, ಮತಯಂತ್ರ ನಮ್ಮ ಕಡೆಗೆ ಇನ್ನೂ ಹೊಸದು. ನನ್ನನ್ನು ಮತಗಟ್ಟೆಯ ಮುಖ್ಯ ಅಧಿಕಾರಿ ಮಾಡಿದ್ದರು. ಚಿಂಚೋಳಿಯ ಚಂದಾಪುರದಲ್ಲಿ ಸಾಮಾನು ಹಂಚಿದರು: ಯಂತ್ರ, ಶಾಯಿ, ಅರಗು, ರಟ್ಟಿನ ಮರೆ, ನೂರೆಂಟು ನಮೂನೆಯ ಲಕೋಟೆಗಳು. ಮೂವರು ಸಿಬ್ಬಂದಿ, ಒಬ್ಬ ಪೊಲೀಸ್, ಮೇಲೆ ಬೇಸಿಗೆಯ ಬಿಸಿಲು. ಬಸ್ಸು ನಮ್ಮನ್ನು ಆಂಧ್ರದ ಗಡಿಗೆ ಹತ್ತಿದ ಆ ಊರಿನ ಶಾಲೆಯ ಮುಂದೆ ಇಳಿಸಿ ಧೂಳೆಬ್ಬಿಸಿ ಹೋಯಿತು.

ಶಾಲೆಯ ಅಡುಗೆ ಕೋಣೆಯಿಂದ ಒಬ್ಬ ಹೆಂಗಸು ನೀರಿನ ಕೊಡ ಹಿಡಿದು ಬಂದಳು. ಕೊಡ ಕೆಳಗಿಟ್ಟು ನನ್ನ ಮುಖ ನೋಡಿದವಳೇ ತಲೆಯ ಮೇಲೆ ಸೆರಗು ಎಳೆದುಕೊಂಡು, “ಸರ, ನೀವ್ರಿ?” ಎಂದಳು. ನಾನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗುರುತು ಸಿಕ್ಕಿದ ಮೇಲೆ ಎಷ್ಟು ಖುಷಿಯಾಯಿತೆಂದರೆ, ಜೊತೆಗಿದ್ದವರನ್ನೆಲ್ಲ ಕರೆದು ಇವಳು ನನ್ನ ವಿದ್ಯಾರ್ಥಿ, ಭಾರಿ ಜಾಣೆ ಎಂದು ತೋರಿಸಿದೆ. ಅವಳು ನಾಚಿಕೊಂಡು ಒಳಗೆ ಹೋಗಿ ಚಹಾ ಇಟ್ಟಳು.

ಆ ಶಾಲೆಯ ಮಕ್ಕಳಿಗೆ ಬಿಸಿಯೂಟ ಮಾಡುವವಳು ಅವಳೇ. ಆ ಕೆಲಸ ಸಿಕ್ಕ ಕತೆಯನ್ನು ಸಂಜೆ ಅಕ್ಕಿ ಆರಿಸುತ್ತ ಹೇಳಿದಳು. ಗಂಡ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಶಿ ಕಲ್ಲಿಗೆ ಪಾಲಿಶ್ ಮಾಡುವ ಕೆಲಸಕ್ಕಿದ್ದ, ಧೂಳು ಕುಡಿದು ಕುಡಿದು ಕೆಮ್ಮು ಹತ್ತಿ ತಿಂಗಳಲ್ಲಿ ಹದಿನೈದು ದಿನ ಮಲಗಿರುತ್ತಿದ್ದ. ಇಬ್ಬರು ಹೆಣ್ಣುಮಕ್ಕಳು. ಸರ್ಕಾರ ಬಿಸಿಯೂಟ ಶುರು ಮಾಡಿದಾಗ ಓದು ಬರಹ ಬಲ್ಲವಳೆಂದು ಇವಳನ್ನು ಆರಿಸಿದರು. ಆದರೆ ಊರ ಮೇಲ್ಜಾತಿಯವರು, ಇವಳ ಕೈಯ ಅನ್ನ ನಮ್ಮ ಮಕ್ಕಳು ಉಣ್ಣುವುದಿಲ್ಲ ಎಂದು ಕೂತರು. ಒಂದು ವಾರ ಅನ್ನ ನಾಯಿಗಳಿಗೆ ಹೋಯಿತು. ಚಿಂಚೋಳಿಯಿಂದ ಸಾಹೇಬರು ಬಂದು ಕಾಯಿದೆ ಓದಿ ಹೇಳಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಡೆಗೆ ಊರ ದೊರೆಗಳು ತಮ್ಮ ದೊಡ್ಡ ಮನೆಯ, ಅಂದರೆ ವಾಡೆಯ, ಕಟ್ಟೆಯ ಮೇಲೆ ಕೂತು, “ಉಣ್ಣಲಿ” ಎಂದರು. ಮಾರನೆಯ ದಿನ ಎಲ್ಲ ಮಕ್ಕಳೂ ಉಂಡವು.

“ಒಂದೇ ಮಾತ್ರಿ ಸರ. ಅವರು ಅಂದಿದ್ದಕ್ಕ ಈ ಒಲಿ ಉರಿಲಿಕತ್ತದ” ಎಂದಳು.

ದೊರೆಗಳು ಎಂದರೆ ರಾಜರಲ್ಲ. ನಿಜಾಮನ ಕಾಲದಲ್ಲಿ ಅವರ ಹಿರಿಯರಿಗೆ ಏಳೆಂಟು ಹಳ್ಳಿಗಳ ಕಂದಾಯ ಎತ್ತುವ ಅಧಿಕಾರವಿತ್ತು, ಅಷ್ಟೆ. ನಿಜಾಮ ಹೋಗಿ, ಕಂದಾಯ ಹೋಗಿ, ಭೂಮಿಯಲ್ಲೂ ಬಹಳಷ್ಟು ಹೋಗಿ ಅರ್ಧ ಶತಮಾನವಾಗಿತ್ತು. ಉಳಿದಿದ್ದು ಕಲ್ಲಿನ ವಾಡೆ ಮತ್ತು ಆ ಹೆಸರು. ಅದಿಷ್ಟೇ ಸಾಕಾಗಿತ್ತು ಅನ್ನುವುದು ಅವತ್ತು ಸಂಜೆ ವಾಡೆಯ ಕಾರಕೂನ ಬಂದಾಗ ನನಗೆ ತಿಳಿಯಿತು. ಕಾರಕೂನ ದೊರೆಗಳ ಹಳೆಯ ಗುಮಾಸ್ತ, ಮರುದಿನ ಒಬ್ಬ ಅಭ್ಯರ್ಥಿಯ ಏಜೆಂಟನಾಗಿ ನಮ್ಮ ಮತಗಟ್ಟೆಯಲ್ಲಿ ಕೂರುವವನು. ಬಹಳ ನಯವಾಗಿ, ಎಲೆ ಅಡಿಕೆ ಜಗಿಯುತ್ತ, ಈ ಊರಿನಲ್ಲಿ ಮೊದಲ ಪಾಳಿ ವಾಡೆಯದು ಎಂದು ತಿಳಿಸಿದ. ಬಿತ್ತನೆಯ ಮೊದಲ ಕಾಳು ದೊರೆಗಳು ಹಾಕಬೇಕು. ಗಿರಣಿ ಬಂದಾಗ ಮೊದಲ ಜೋಳ ವಾಡೆಯದೇ ಬೀಸಿದ್ದು. ಬೋರು ಕೊರೆಸಿದಾಗ ಮೊದಲ ಕೊಡವೂ ಅಲ್ಲಿಗೇ ಹೋಯಿತು. ಓಟೂ ಹಾಗೆಯೇ. ದೊರೆಗಳು ಪೂಜೆ, ಊಟ ಮುಗಿಸಿ ಹನ್ನೊಂದಕ್ಕೆ ಬಂದು ಹಾಕುತ್ತಾರೆ, ಅಲ್ಲಿಯವರೆಗೆ ಒಬ್ಬರೂ ಒಳಗೆ ಕಾಲಿಡುವುದಿಲ್ಲ.

ನನ್ನ ತಲೆ ಕಾದು ಹೋಯಿತು. ಹನ್ನೊಂದರವರೆಗೆ ಹೊರಗೆ ನಿಂತವರಲ್ಲಿ ಎಷ್ಟು ಜನ ಉಳಿಯುತ್ತಾರೆ? ಕೂಲಿಗೆ ಹೋಗುವವರು ಹೋಗಿಬಿಡುತ್ತಾರೆ, ಮುದುಕರು ಬಿಸಿಲು ತಾಳದೆ ಮನೆಗೆ ನಡೆಯುತ್ತಾರೆ. ಹಿಂದಿನ ಚುನಾವಣೆಯಲ್ಲಿ ಈ ಊರಿನ ಬೌದ್ಧರ ಓಣಿಯ ಅರ್ಧ ಜನ ಹಾಗೇ ಹೋಗಿದ್ದರಂತೆ. ಇದು ನನ್ನ ಸಿಟ್ಟಿನ ಮರ್ಯಾದಸ್ಥ ಭಾಗ. ಮರ್ಯಾದೆಯಿಲ್ಲದ ಭಾಗವನ್ನೂ ಹೇಳಿಬಿಡುತ್ತೇನೆ: ಎರಡೆರಡು ತಾಸಿಗೊಮ್ಮೆ ಎಷ್ಟು ಓಟು ಬಿದ್ದವೆಂದು ಮೇಲಿನವರಿಗೆ ವರದಿ ಕೊಡಬೇಕಿತ್ತು. ಒಂಬತ್ತಕ್ಕೆ ಸೊನ್ನೆ, ಹನ್ನೊಂದಕ್ಕೆ ಸೊನ್ನೆ ಎಂದು ಬರೆದು ಕಳಿಸಿದರೆ ಜೀಪಿನಲ್ಲಿ ಬರುವ ಸಾಹೇಬ ನನ್ನ ಕೈಗೆ ನೋಟೀಸು ತುರುಕುತ್ತಿದ್ದ. ಆ ಹೆದರಿಕೆಯೂ ಇತ್ತು.

ಆಗ ನನಗೊಂದು ಉಪಾಯ ಹೊಳೆಯಿತು, ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ. ಏಳು ಗಂಟೆಗೆ ಖರೇ ಮತದಾನ ಶುರುವಾಗುವ ಮುಂಚೆ ಏಜೆಂಟರ ಎದುರಿಗೆ ಅಣಕು ಮತದಾನ ಅಂತ ಒಂದು ಮಾಡಬೇಕು. ನಾಲ್ಕಾರು ಸಲ ಗುಂಡಿ ಒತ್ತಿಸಿ, ಲೆಕ್ಕ ಸರಿ ಬಂತೆಂದು ತೋರಿಸಿ, ಆಮೇಲೆ ಎಲ್ಲವನ್ನೂ ಅಳಿಸಿ ಸೊನ್ನೆ ಮಾಡಿ ಯಂತ್ರಕ್ಕೆ ಸೀಲು ಹಾಕಬೇಕು. ದೊರೆಗಳು ಬೆಳಿಗ್ಗೆ ಆರಕ್ಕೆ ಬಂದು ಆ ಅಣಕು ಮತದಾನದಲ್ಲಿ ಮೊದಲ ಗುಂಡಿ ಒತ್ತಿದರೆ? ಊರಿಗೆ ದೊರೆಗಳ ಪಾಳಿ ಮುಗಿಯಿತು, ನನಗೆ ಏಳಕ್ಕೆ ಸರಿಯಾಗಿ ಮತದಾನ ಶುರುವಾಯಿತು. ಅವರು ಹನ್ನೊಂದಕ್ಕೆ ಬಂದು ಖರೇ ಓಟು ಹಾಕಲಿ, ಬೇಡ ಅಂದವರು ಯಾರು.

ಕಾರಕೂನನ ಹಿಂದೆಯೇ ವಾಡೆಗೆ ಹೋದೆ. ದೊರೆಗಳು ಎಪ್ಪತ್ತೈದು ದಾಟಿದ ಸಣಕಲು ಮನುಷ್ಯ. ಬನಿಯನ್ನು, ಬಿಳಿ ಧೋತರ, ಕಣ್ಣಿಗೆ ದಪ್ಪ ಗಾಜು. ನಾನು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ರಾಕ್ಷಸ ಎಲ್ಲೂ ಕಾಣಲಿಲ್ಲ. ಬನ್ನಿ ಆಚಾರ್ಯರೇ ಎಂದು ಕೂಡಿಸಿ, ತಾವೇ ಪಕ್ಕದಲ್ಲಿದ್ದ ತಂಬಿಗೆ ಎತ್ತಿಕೊಟ್ಟು, ಬಿಸಿಲಿನ ಸುದ್ದಿ ಕೇಳಿದರು. ಆಮೇಲೆ ಮೆಲ್ಲನೆ ಆ ಯಂತ್ರದ ಬಗ್ಗೆ ವಿಚಾರಿಸಿದರು. ಯಾರು ಒತ್ತಿದರು ಎಂದು ಅದಕ್ಕೆ ಗೊತ್ತಾಗುತ್ತದೆಯೇ? ಇಲ್ಲ ಎಂದೆ. ಅದು ಎಣಿಸುತ್ತದೆ ಅಷ್ಟೆ, ಒತ್ತಿದ ಬೆರಳು ದೊರೆಗಳದೋ ಕೂಲಿಯವನದೋ ಅದಕ್ಕೆ ಎರಡೂ ಒಂದೇ ಎಂದು ವಿವರಿಸಿದೆ. ಹೇಳುವಾಗ ನಾಲಿಗೆಗೆ ಸಕ್ಕರೆ ಹಚ್ಚಿಕೊಂಡ ಹಾಗಿತ್ತು. ಅವರು ತಲೆ ಅಲ್ಲಾಡಿಸಿದರು. ಕಣ್ಣು ಮಂಜು, ಜನರ ಮುಂದೆ ತಪ್ಪು ಗುಂಡಿ ಒತ್ತಿದರೆ ನಗೆಪಾಟಲಾದೀತು ಎನ್ನುವ ಅಳುಕು ಅವರಿಗಿತ್ತು. ನಾನು ಅದನ್ನೇ ಹಿಡಿದುಕೊಂಡೆ. ಬೆಳಿಗ್ಗೆ ಆರಕ್ಕೆ ಬಂದರೆ ಜನ ಇರುವುದಿಲ್ಲ, ನಾನೇ ಪಕ್ಕದಲ್ಲಿ ನಿಂತು ತೋರಿಸುತ್ತೇನೆ, ಮೊದಲ ಬೆರಳು ನಿಮ್ಮದೇ ಆಗಲಿ ಎಂದೆ. ಆಮೇಲೆ ಅಳಿಸುತ್ತೇವೆ ಎನ್ನುವುದನ್ನು ಮಾತ್ರ ಹೇಳಲಿಲ್ಲ. ಅವರು ಸಂತೋಷದಿಂದ ಒಪ್ಪಿದರು.

ಹೇಳಿದ ಹಾಗೆ ಆರಕ್ಕೇ ಬಂದರು. ನಾನು ತೋರಿಸಿದೆ, ಒತ್ತಿದರು, ಕೆಂಪು ದೀಪ ಹತ್ತಿತು, ಯಂತ್ರ ಪೀಂ ಎಂದು ಉದ್ದಕ್ಕೆ ಕೂಗಿತು. ದೊರೆಗಳು ಬೆಚ್ಚಿಬಿದ್ದು ಆಮೇಲೆ ನಕ್ಕರು. ಕಾರಕೂನ ಅವರ ಕೈ ಹಿಡಿದು ವಾಡೆಯವರೆಗೆ ಬಿಡಲು ಹೋದ. ಅವನು ಹೋದ ಹೊತ್ತಿನಲ್ಲಿ ನಾನು ಉಳಿದಿಬ್ಬರು ಏಜೆಂಟರಿಂದ ಒತ್ತಿಸಿ, ಲೆಕ್ಕ ತೋರಿಸಿ, ಅಳಿಸಿ, ಅವರ ಸಹಿ ತೆಗೆದುಕೊಂಡು ಸೀಲು ಹಾಕಿದೆ. ಎಲ್ಲ ಕಾಯಿದೆಯ ಪ್ರಕಾರವೇ. ಯಾವ ನಿಯಮವನ್ನೂ ನಾನು ಮುರಿಯಲಿಲ್ಲ, ಇವತ್ತಿಗೂ ಯಾರೂ ನನ್ನ ಮೇಲೆ ಬೆರಳು ತೋರಿಸಲಾರರು.

ಏಳಾಯಿತು. ಅಂಗಳದಲ್ಲಿ ಗಂಡಸರದೊಂದು ಹೆಂಗಸರದೊಂದು ಪಾಳಿ ಹಚ್ಚಿ ಜನ ನಿಂತಿದ್ದರು. ಬರ್ರಿ ಎಂದು ಕರೆದೆ. ಒಬ್ಬರೂ ಅಲುಗಲಿಲ್ಲ. ದೊರೆಗಳು ಬಂದು ಹೋದದ್ದನ್ನು ನೋಡಿದವರಿದ್ದರು. ಆದರೂ ಮುಂದಿದ್ದವರು ಹಿಂದಿನವರ ಮುಖ ನೋಡಿದರು, ಹಿಂದಿನವರು ನೆಲ ನೋಡಿದರು. ಏಳೂ ಹತ್ತು, ಏಳೂ ಇಪ್ಪತ್ತು. ಒಬ್ಬರು ಒಳಗೆ ಬಂದರೆ ಸಾಕು, ಕಟ್ಟೆ ಒಡೆದು ನೀರು ಬಂದ ಹಾಗೆ ಎಲ್ಲರೂ ಬರುತ್ತಾರೆ ಎಂದು ನನಗೆ ಗೊತ್ತಿತ್ತು. ಆ ಒಬ್ಬರು ಬೇಕಿತ್ತು. ಹೆಂಗಸರ ಪಾಳಿಯಲ್ಲಿ ನಾಲ್ಕನೆಯವಳೋ ಐದನೆಯವಳೋ ಆಗಿ ಅವಳು ನಿಂತಿದ್ದಳು. ಚಹಾ ಕೊಟ್ಟು ಹೋಗಿ, ಕೈ ಒರೆಸಿಕೊಳ್ಳುತ್ತ ಬಂದು ಪಾಳಿ ಹಚ್ಚಿದ್ದಳು.

ನಾನು ಬಾಗಿಲಲ್ಲಿ ನಿಂತು, ವರ್ಗದಲ್ಲಿ ಕರೆಯುತ್ತಿದ್ದ ದನಿಯಲ್ಲೇ ಅವಳ ಹೆಸರು ಹಿಡಿದು ಕರೆದೆ. ಬಾ ಮುಂದ ಎಂದೆ. ಅವಳು ಗಾಬರಿಯಿಂದ ಆಚೀಚೆ ನೋಡಿದಳು, ಮುಂದಿದ್ದವರು ಸರಿದು ದಾರಿ ಬಿಟ್ಟರು. ಹೊಸ್ತಿಲ ಹತ್ತಿರ ಬಂದು, ನನಗೆ ಮಾತ್ರ ಕೇಳುವ ಹಾಗೆ, “ದೊರೆಗೋಳು ಹಾಕ್ಯಾರೇನ್ರಿ ಸರ?” ಎಂದು ಕೇಳಿದಳು.

“ಹಾಕ್ಯಾರ, ನೀ ಬಾ” ಎಂದೆ.

ಬಂದಳು. ನಮ್ಮ ಸಿಬ್ಬಂದಿ ಅವಳ ಹೆಸರು ಕೂಗಿದ, ರಿಜಿಸ್ಟರಿನ ಮೊದಲನೆಯ ಸಾಲಿನಲ್ಲಿ ದುಂಡನೆಯ ಅಕ್ಷರದಲ್ಲಿ ಸಹಿ ಮಾಡಿದಳು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮರೆಗೆ ಹೋದಳು. ಯಂತ್ರ ಪೀಂ ಎಂದಿತು. ಆ ಸದ್ದು ಅಂಗಳದವರೆಗೂ ಕೇಳಿತು. ಅಷ್ಟೇ ನೋಡಿ, ಪಾಳಿ ಮುಂದೆ ಸರಿಯತೊಡಗಿತು. ಒಂಬತ್ತರ ವರದಿಯಲ್ಲಿ ನನ್ನ ಮತಗಟ್ಟೆಯ ಅಂಕಿ ನೋಡಿ ಜೀಪಿನ ಸಾಹೇಬರೇ ಬೆನ್ನು ತಟ್ಟಿ ಹೋದರು. ಬೌದ್ಧರ ಓಣಿ ಹತ್ತಕ್ಕೆ ಮುಂಚೆಯೇ ಓಟು ಹಾಕಿ ಕೂಲಿಗೆ ಹೋಯಿತು. ನಾನು ಎದೆ ಉಬ್ಬಿಸಿಕೊಂಡು ಕೂತಿದ್ದೆ. ಹನ್ನೊಂದಾಯಿತು, ದೊರೆಗಳು ಬರಲಿಲ್ಲ. ಬರಲಿಲ್ಲ ಎಂದು ನಾನು ಗಮನಿಸಲೂ ಇಲ್ಲ.

ಗಮನಿಸಿದವನು ಕಾರಕೂನ. ಒಬ್ಬೊಬ್ಬರ ಹೆಸರು ಕೂಗಿದ ಹಾಗೆ ಏಜೆಂಟರು ತಮ್ಮ ಪಟ್ಟಿಯಲ್ಲಿ ಗೆರೆ ಎಳೆಯುತ್ತಾರೆ. ಎರಡು ಗಂಟೆಗೆ ಉಳಿದವರು ಯಾರೆಂದು ನೋಡಲು ಅವನು ಪಟ್ಟಿ ತಿರುವಿದ. ಒಂದು ಹಾಳೆಯ ಮೇಲೆ ಅವನ ಬೆರಳು ನಿಂತುಬಿಟ್ಟಿತು. ದೊರೆಗಳ ಹೆಸರಿನ ಮೇಲೆ ಗೆರೆ ಇರಲಿಲ್ಲ.

ಎದ್ದು ಬಂದು ನನ್ನ ಮೇಜಿನ ಮೇಲೆ ಪಟ್ಟಿ ಇಟ್ಟು, ಇದೇನು ಎಂದು ಕೇಳಿದ. ನಾನು ಹೇಳಿದೆ, ಬೆಳಿಗ್ಗೆ ಆದದ್ದು ಪರೀಕ್ಷೆ, ಅದನ್ನು ಅಳಿಸಲೇಬೇಕಿತ್ತು, ದೊರೆಗಳ ಓಟು ಇನ್ನೂ ಅವರ ಹತ್ತಿರವೇ ಇದೆ, ಐದರವರೆಗೆ ಬಂದು ಹಾಕಬಹುದು ಎಂದು. ಅಳಿಸಿದ್ರಾ ಎಂದ. ಅಳಿಸಿದೆ ಎಂದೆ. ದೊರೆಗಳು ವಾಡೆಯ ಕಟ್ಟೆಯ ಮೇಲೆ ಕೂತು, ತಮ್ಮ ಓಟು ಬಿದ್ದಿದೆ ಎಂದೇ ಬಂದವರಿಗೆಲ್ಲ ಹೇಳುತ್ತಿದ್ದರಂತೆ. ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಾಗದ ಹಾಗೆ ಮಾಡಿದವನು ನಾನು.

ಕಾರಕೂನ ಕಿರುಚಲಿಲ್ಲ. ತಗ್ಗಿದ ದನಿಯಲ್ಲಿ ಅಂದ: “ಆಚಾರ್ಯರ, ನೀವು ಸಂಜಿಗಿ ಪೆಟ್ಟಿಗಿ ತಗೊಂಡು ಚಂದಾಪುರಕ್ಕ ಹೋಗ್ತೀರಿ. ಇಲ್ಲಿ ಇರೋರು ಇಲ್ಲೇ ಇರ್ತಾರ.” ಅನ್ನುತ್ತ ಅವನು ಕಿಟಕಿಯಿಂದ ಅಡುಗೆ ಕೋಣೆಯ ಕಡೆ ನೋಡಿದ. ಅವಳು ನಮಗಾಗಿ ರೊಟ್ಟಿ ಬಡಿಯುತ್ತಿದ್ದಳು, ಸದ್ದು ಕೇಳುತ್ತಿತ್ತು. ಮೊದಲ ಹೆಸರು ಯಾರದು ಕೂಗಿದ್ದೆಂದು ಅವನ ಪಟ್ಟಿಯಲ್ಲೇ ಇತ್ತು.

ಅಲ್ಲಿಂದ ಎರಡೂವರೆ ತಾಸು ನಾನು ಹೇಗೆ ಕಳೆದೆನೋ. ಕಾರಕೂನ ವಾಡೆಗೆ ಹೋಗಿ ಬಂದು ಮತ್ತೆ ತನ್ನ ಜಾಗದಲ್ಲಿ ಕೂತ, ಏನಾಯಿತೆಂದು ಹೇಳಲಿಲ್ಲ. ಜನ ವಿರಳವಾದರು, ಅಂಗಳದಲ್ಲಿ ಬಿಸಿಲು ಮಾತ್ರ ಉಳಿಯಿತು. ಎರಡು ಸಲ ನಾನು ಅಡುಗೆ ಕೋಣೆಯ ಕಡೆ ಹೋಗಲು ಎದ್ದೆ. ದೊರೆಗಳು ಹಾಕಿಲ್ಲ, ನಾನು ಸುಳ್ಳು ಹೇಳಿದೆ, ಯಾರಾದರೂ ಕೇಳಿದರೆ ನನ್ನ ಹೆಸರು ಹೇಳು ಎಂದು ಅವಳಿಗೆ ಮುಂಚಿತವಾಗಿ ತಿಳಿಸಬೇಕಿತ್ತು. ಎರಡು ಸಲವೂ ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ಮೇಜು ಬಿಟ್ಟು ಹೋಗಬಾರದು ಎಂಬ ನಿಯಮ ನನಗೆ ಆಗ ನೆನಪಾಯಿತು.

ನಾಲ್ಕೂವರೆಗೆ ದೊರೆಗಳು ಬಂದರು. ಹಿಂದೆ ಹತ್ತು ಹನ್ನೆರಡು ಜನ, ಯಾರೂ ಮಾತಾಡುತ್ತಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಬ್ಬರೇ ಒಳಗೆ ಬಂದರು. ನಮ್ಮ ಸಿಬ್ಬಂದಿ ಪಟ್ಟಿ ನೋಡಿ ಹೆಸರು ಕೂಗಬೇಕು, ಬರೀ ಹೆಸರನ್ನು, ಎಲ್ಲರದನ್ನೂ ಕೂಗಿದ ಹಾಗೆ. ಪಾಪ, ಅವನ ದನಿ ನಡುಗಿತು, ಆದರೂ ಕೂಗಿದ. ಆ ಊರಿನಲ್ಲಿ ಆ ಹೆಸರು ಹಾಗೆ ಕೇಳಿದ್ದು ಬಹುಶಃ ಅದೇ ಮೊದಲು. ಕಿಟಕಿಯ ಹೊರಗೆ ನಿಂತವರು ತಲೆ ಬಗ್ಗಿಸಿದರು. ದೊರೆಗಳು ಸಹಿ ಮಾಡಲು ಕೂತು, ಕನ್ನಡಕ ಸರಿಪಡಿಸಿಕೊಂಡು, ತಮ್ಮ ಸಾಲಿನ ನಂಬರು ನೋಡಿದರು. ಆರುನೂರರ ಮೇಲಿತ್ತು. ಅದನ್ನೇ ಸ್ವಲ್ಪ ಹೊತ್ತು ನೋಡುತ್ತ ಕೂತರು. ಸಹಿ ಹಾಕಿದರು, ಬೆರಳು ಚಾಚಿದರು, ಮರೆಗೆ ಹೋಗಿ ಬಂದರು. ಬೆಳಿಗ್ಗೆ ಕೂಗಿದ್ದಷ್ಟೇ ಉದ್ದ ಕೂಗಿತು ಯಂತ್ರ.

ಹೊರಗೆ ಹೋಗುತ್ತಾರೆಂದುಕೊಂಡೆ. ನನ್ನ ಮೇಜಿನ ಮುಂದೆ ನಿಂತರು.

“ಒಂದನೇ ನಂಬರ್ ಯಾರ್ದು, ಆಚಾರ್ಯರ?”

ಅದನ್ನು ಹೇಳುವಂತಿಲ್ಲ ಎನ್ನಬಹುದಿತ್ತು. ಮೋಸ ಮಾಡಿದವನು ನಾನು, ಆ ಹೆಣ್ಣುಮಗಳಿಗೂ ಸುಳ್ಳು ಹೇಳಿ ಕರೆದೆ, ಅವಳದೇನೂ ತಪ್ಪಿಲ್ಲ ಎನ್ನಬಹುದಿತ್ತು. ಇಪ್ಪತ್ತು ವರ್ಷ ಮೇಜು ಗುದ್ದಿದವನು ನಾನು. ಆ ಮುದುಕನ ಮುಖ ನೋಡುತ್ತ, ಅಜ್ಜ ಕೊಡೆ ಮಡಚಿ ನಿಂತ ಹಾಗೆ ಬಾಯಿ ಮಡಚಿ ನಿಂತೆ.

ಅವಳು ಆಗಲೇ ನಮಗೆ ಚಹಾ ತಂದು ಬಾಗಿಲಲ್ಲಿ ನಿಂತಿದ್ದಳು. ನನ್ನ ಕಡೆ ಒಮ್ಮೆ ನೋಡಿದಳು, ಕಾದಳು, ಮತ್ತೆ ನೋಡಿದಳು.

“ನಂದ್ರಿ” ಎಂದಳು.

ದೊರೆಗಳು ತಿರುಗಿ ಅವಳನ್ನು ನೋಡಿದರು. ಸಿಟ್ಟಿನಿಂದ ನೋಡಲಿಲ್ಲ. ಹೂಂ, ಛಲೋ ಆಯಿತು ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಐದಕ್ಕೆ ನಾವು ಯಂತ್ರ ಮುಚ್ಚಿ, ಲಕೋಟೆಗಳಿಗೆ ಅರಗು ಹಾಕಿ ಬಸ್ಸು ಹತ್ತಿದೆವು. ಅವಳು ರೊಟ್ಟಿಯ ಗಂಟು ತಂದುಕೊಟ್ಟಳು. ಏನೂ ಆಗುವುದಿಲ್ಲ, ಹೆದರಬೇಡ ಎಂದು ಹೇಳಿ ಬಂದೆ. ಬಸ್ಸು ಹೊರಟ ಮೇಲೆ ನನಗೆ ನಿರಾಳವಾಯಿತು, ಅದನ್ನೂ ಮುಚ್ಚಿಡುವುದಿಲ್ಲ.

ಜೂನಿನಲ್ಲಿ ಶಾಲೆ ಶುರುವಾಯಿತು. ಆ ಊರಿನ ಹೆಡ್ ಮಾಸ್ತರರು ಫೋನಿನಲ್ಲಿ ಸುದ್ದಿ ಹೇಳಿದರು. ಮೊದಲ ದಿನವೇ ನಾಲ್ಕು ಮನೆಯವರು, ಅವಳ ಕೈಯ ಅನ್ನ ನಮ್ಮ ಮಕ್ಕಳು ಉಣ್ಣುವುದಿಲ್ಲ ಎಂದರಂತೆ. ಎರಡನೆಯ ದಿನ ನಲವತ್ತು ಮನೆ. ಎಲ್ಲರೂ ವಾಡೆಯ ಕಡೆ ನೋಡಿದರು. ದೊರೆಗಳು ಯಾರಿಗೂ ಏನೂ ಹೇಳಲಿಲ್ಲ. ಬೈಯಲಿಲ್ಲ, ತೆಗೆದುಹಾಕಿ ಅನ್ನಲಿಲ್ಲ, ಈ ಸಲ ಉಣ್ಣಲಿ ಎಂದೂ ಅನ್ನಲಿಲ್ಲ. ಕಟ್ಟೆಯ ಮೇಲೆ ಸುಮ್ಮನೆ ಕೂತರು. ಎಂಟು ದಿನದಲ್ಲಿ ಶಾಲೆಯ ಸಮಿತಿ ಬೇರೊಬ್ಬಳನ್ನು ಇಟ್ಟುಕೊಂಡಿತು. ನಾನು ಮೇಲಿನ ಆಫೀಸಿಗೆ ಉದ್ದನೆಯ ಅರ್ಜಿ ಬರೆದೆ, ಅದರಲ್ಲಿ ಸಂವಿಧಾನವೂ ಇತ್ತು, ವಿಜ್ಞಾನವೂ ಇತ್ತು. ಬೆಳಿಗ್ಗೆ ಆರಕ್ಕೆ ನಾನು ಮಾಡಿದ ಉಪಾಯದ ಸುದ್ದಿ ಮಾತ್ರ ಇರಲಿಲ್ಲ. ಉತ್ತರ ಬರಲಿಲ್ಲ.

ಚಳಿಗಾಲದಲ್ಲಿ ಒಂದು ಮದುವೆಗೆ ಶಹಾಬಾದಿಗೆ ಹೋದೆ. ಮಧ್ಯಾಹ್ನ ಬಸ್ ನಿಲ್ದಾಣದ ಕಡೆ ನಡೆದು ಬರುವಾಗ ಕಲ್ಲು ಪಾಲಿಶ್ ಮಾಡುವ ಶೆಡ್ಡಿನ ಮುಂದೆ ಹೆಂಗಸರು ಕೂತು ಉಣ್ಣುತ್ತಿದ್ದರು. ಎಲ್ಲರೂ ತಲೆಯಿಂದ ಕಾಲಿನವರೆಗೆ ಬೂದು ಬಣ್ಣ. ಅವರಲ್ಲೊಬ್ಬಳು ಎದ್ದು ನಿಂತು, ಸರ ಎಂದಳು. ಗಂಡನ ಕೈಲಿ ಇನ್ನು ಕೆಲಸ ಆಗುತ್ತಿರಲಿಲ್ಲ, ಅವನು ಬಿಟ್ಟ ಜಾಗಕ್ಕೆ ಇವಳು ಬಂದಿದ್ದಳು. ಮಾತಿನ ನಡುವೆ ಎರಡು ಸಲ ಕೆಮ್ಮಿದಳು.

ನನಗೆ ಸುಮ್ಮನಿರಲು ಬರುವುದಿಲ್ಲ. ನೀನು ಅವತ್ತು ತೋರಿಸಿದ ಧೈರ್ಯ ಸಣ್ಣದಲ್ಲ, ನನ್ನ ಶಾಲೆಯ ಮಕ್ಕಳಿಗೆಲ್ಲ ನಿನ್ನ ಕತೆ ಹೇಳುತ್ತೇನೆ ಎಂದು ಶುರು ಮಾಡಿದೆ. ಅವಳು ನನ್ನ ಮಾತು ಮುಗಿಯುವವರೆಗೆ ಕೇಳಿದಳು, ವರ್ಗದಲ್ಲಿ ಕೇಳುತ್ತಿದ್ದ ಹಾಗೇ.

“ಧೈರ್ಯ ಎಲ್ಲಿದ್ರಿ ಸರ” ಎಂದಳು. “ದೊರೆಗೋಳು ಹಾಕ್ಯಾರಂತ ನೀವು ಹೇಳಿದ್ರಿ. ನಂಬಿ ಬಂದೆ. ಸಂಜಿಗಿ ಅವರು ಕೇಳಿದಾಗ ನೀವು ಸುಮ್ಮ ನಿಂತ್ರಿ. ಯಾರರೆ ಒಬ್ರು ಹೇಳಬೇಕಿತ್ತಲ್ರಿ.”

ನಾನು ಒಳ್ಳೆಯದಕ್ಕೇ ಮಾಡಿದೆ, ನಿಮ್ಮ ಓಣಿಯವರ ಓಟು ಹೋಗಬಾರದೆಂದೇ ಮಾಡಿದೆ ಎಂದೆ. ನನ್ನ ದನಿ ನನಗೇ ಅಸಹ್ಯವಾಯಿತು.

“ಹೌದ್ರಿ. ಭಾಳ ಮಂದಿ ಹಾಕಿದ್ರು, ಛಲೋ ಆತು. ದೊರೆಗೋಳು ಉಣ್ಣಲಿ ಅಂದಿದ್ದೂ ಒಳ್ಳೇದಕ್ಕೇ ರೀ. ಅವರೂ ನನ್ನ ಕೇಳಲಿಲ್ಲ, ನೀವೂ ಕೇಳಲಿಲ್ಲ.” ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

“ಖರೇ ಹೇಳಿ ಕೇಳಿದ್ದರ ಏನಂತಿದ್ದಿ ಅವ್ವಾ?” ಎಂದೆ. “ದೊರೆಗೋಳು ಹಾಕಿಲ್ಲ, ನೀ ಮೊದ್ಲ ಬರ್ತಿಯೇನು ಅಂದಿದ್ದರ?”

ಅವಳು ಕೈಯ ಮೇಲಿನ ಕಲ್ಲಿನ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಹಳ ಹೊತ್ತು ಯೋಚನೆ ಮಾಡಿದಳು. ನನ್ನ ಮೂರು ವರ್ಷದ ಪಾಠದಲ್ಲಿ ಒಂದು ದಿನವೂ ಅವಳು ಉತ್ತರಕ್ಕೆ ಅಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ.

“ಬರ್ತಿದ್ನೋ ಏನೋ, ಸರ. ಈಗ ಹೆಂಗ ಹೇಳ್ಲಿ? ನಂಗೂ ಗೊತ್ತಾಗಲಿಲ್ಲ ನೋಡ್ರಿ.”

ಶೆಡ್ಡಿನೊಳಗೆ ಮಶೀನು ಶುರುವಾಯಿತು. ಬರ್ತೀನ್ರಿ ಎಂದು ಹೇಳಿ, ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು ಅವಳು ಒಳಗೆ ಹೋದಳು.